ಪಟ್ಟಿ ಬಿಚ್ಚಿದ ಮೇಲೆ: ಬರ್ಜರ್, ಮೊನೆ ಮತ್ತು ನನ್ನ ಎಡಗಣ್ಣು

ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿದಾಗ ನನಗೆ ನಲವತ್ತಾರು. ಪೊರೆ ಅಂದರೆ ಅಜ್ಜ ಅಜ್ಜಿಯರ ಕಾಯಿಲೆ ಎಂದುಕೊಂಡಿದ್ದ ಆಫೀಸಿನವರು ‘ಇಷ್ಟು ಬೇಗ?’ ಎಂದು ಕೇಳಿದ್ದೇ ಕೇಳಿದ್ದು. ಬೇರೊಂದು ಕಾಯಿಲೆಗೆಂದು ಹಲವು ವರ್ಷ ನುಂಗಿದ ಸ್ಟಿರಾಯ್ಡ್ ಮಾತ್ರೆಗಳು ಕಣ್ಣಿನ ಮಸೂರದ ಹಿಂಬದಿಯಲ್ಲಿ ಮಂಜು ಕಟ್ಟಿಸಬಲ್ಲವು, ಅದು ಅರವತ್ತು ತುಂಬುವವರೆಗೆ ಕಾಯುವುದಿಲ್ಲ ಎಂದು ಒಬ್ಬೊಬ್ಬರಿಗೂ ವಿವರಿಸಿ ಸಾಕಾಯಿತು. ಕೊನೆಗೆ ‘ಲ್ಯಾಪ್‌ಟಾಪ್ ನೋಡಿ ನೋಡಿ ಹೀಗಾಯ್ತು’ ಎಂಬ ಅವರದೇ ಕಾರಣವನ್ನು ಒಪ್ಪಿಕೊಂಡುಬಿಟ್ಟೆ. ಅದು ಸುಳ್ಳು, ಆದರೆ ಮೀಟಿಂಗ್ ಬೇಗ ಮುಗಿಯುತ್ತಿತ್ತು.

ಆ ದಿನಗಳಲ್ಲಿ ಪುಣೆಯ ನಮ್ಮ ಓದು ಬಳಗದ ಗೆಳೆಯರೊಬ್ಬರು ಒಂದು ಪುಟ್ಟ ಪುಸ್ತಕ ತಂದುಕೊಟ್ಟರು. ಜಾನ್ ಬರ್ಜರ್ ಬರೆದ ‘ಕ್ಯಾಟರಾಕ್ಟ್’. ‘ವೇಸ್ ಆಫ್ ಸೀಯಿಂಗ್’ ಬರೆದ ಬರ್ಜರ್ ನಿಮಗೆ ಗೊತ್ತಿರುತ್ತಾರೆ. ಚಿತ್ರವನ್ನು ನೋಡುವುದು ಹೇಗೆ ಎಂದು 1972ರಲ್ಲಿ ಬಿಬಿಸಿಯಲ್ಲಿ ಪಾಠ ಹೇಳಿ ಒಂದು ತಲೆಮಾರಿನ ಕಣ್ಣು ತೆರೆಸಿದವರು. ಇಳಿವಯಸ್ಸಿನಲ್ಲಿ ಅವರ ಕಣ್ಣಿಗೇ ಪೊರೆ ಬಂತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಹೀಗೆ ಎರಡೂ ಶಸ್ತ್ರಕ್ರಿಯೆಗಳ ನಡುವೆ ಬರೆದುಕೊಂಡ ಟಿಪ್ಪಣಿಗಳೇ ಈ ಪುಸ್ತಕ. ಪಕ್ಕದಲ್ಲಿ ಟರ್ಕಿಯ ಕಲಾವಿದ ಸೆಲ್ಚುಕ್ ಡೆಮಿರೆಲ್ ಬರೆದ ಚಿತ್ರಗಳು. ಅಂಗಿ ಜೇಬಿನಲ್ಲಿ ಹಿಡಿಸುವಷ್ಟು ಪುಸ್ತಕ. ಶಿವಾಜಿನಗರದಿಂದ ಹಿಂಜೆವಾಡಿಗೆ ಹೋಗುವ ಬಸ್ಸಿನಲ್ಲಿ ಎರಡು ಸಲ ಓದಿ ಮುಗಿಸಬಹುದು, ಟ್ರಾಫಿಕ್ ಇದ್ದರೆ ಮೂರು ಸಲ.

ಮೊದಲ ಓದಿಗೆ ಮನಸೋತೆ. ಎರಡನೇ ಓದಿಗೆ ಸಿಟ್ಟು ಬಂತು. ಆ ಸಿಟ್ಟಿಗೆ ಕಾರಣ ಏನು ಎಂದು ನನಗೇ ತಿಳಿಯಲಿಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಅದರ ಲೆಕ್ಕ ಒಪ್ಪಿಸಲೆಂದೇ ಈ ಬರಹ.

ನಮ್ಮ ಹಳೆಯ ಸಿನಿಮಾಗಳಲ್ಲಿ ಒಂದು ದೃಶ್ಯ ಬಂದೇ ಬರುತ್ತಿತ್ತು. ಡಾಕ್ಟರು ಮೆಲ್ಲಗೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಸುತ್ತು ಬಿಚ್ಚಿದಷ್ಟೂ ಪಿಟೀಲು ಏರುತ್ತದೆ. ರೆಪ್ಪೆ ನಡುಗುತ್ತದೆ, ಮಸುಕು ತಿಳಿಯಾಗುತ್ತದೆ, ಎದುರಿಗೆ ತಾಯಿ ಅಥವಾ ನಾಯಕ. ‘ಕಾಣ್ತಾ ಇದೆ ಡಾಕ್ಟರ್, ನನಗೆ ಎಲ್ಲಾ ಕಾಣ್ತಾ ಇದೆ!’ ಆಮೇಲೆ ಹಾಡು, ಇಲ್ಲವೇ ಶುಭಂ. ಮರುದಿನ ಬೆಳಿಗ್ಗೆ ಆ ಹುಡುಗಿ ಹಲ್ಲುಜ್ಜುವಾಗ ಬಚ್ಚಲ ದೀಪಕ್ಕೆ ಕಣ್ಣು ಕೋರೈಸಿತೋ, ಮೆಟ್ಟಿಲು ಇಳಿಯುವಾಗ ಎಡವಿದಳೋ, ಯಾವ ನಿರ್ದೇಶಕನೂ ತೋರಿಸಿದ್ದನ್ನು ನಾನು ಕಂಡಿಲ್ಲ. ಬರ್ಜರ್ ಪುಸ್ತಕ ಈ ದೃಶ್ಯದ ಅತ್ಯಂತ ಸಂಸ್ಕಾರವಂತ ರೂಪ. ಪಿಟೀಲು ಇಲ್ಲ, ಅಳು ಇಲ್ಲ. ಆದರೆ ಆದಿಯಿಂದ ಅಂತ್ಯದವರೆಗೆ ಅದು ಪಟ್ಟಿ ಬಿಚ್ಚುವ ಗಳಿಗೆಯೇ.

ಹಾಗೆಂದು ಆ ಗಳಿಗೆಯನ್ನು ಬರ್ಜರ್ ನೋಡುವ ರೀತಿ ಸಾಮಾನ್ಯದ್ದಲ್ಲ. ಒಂದೊಂದೇ ಕಣ್ಣು ಮುಚ್ಚಿ ತೆರೆದು ಹೋಲಿಸುತ್ತಾರೆ: ಒಂದರಲ್ಲಿ ಲೋಕ ಸವೆದಂತೆ, ಇನ್ನೊಂದರಲ್ಲಿ ಆಗ ತಾನೇ ಬಿಡಿಸಿಟ್ಟಂತೆ. ಬಿಳಿ ಕಾಗದ ಇಷ್ಟು ಬೆಳ್ಳಗಿರುತ್ತದೆ ಎನ್ನುವುದೇ ಮರೆತುಹೋಗಿತ್ತಲ್ಲ ಎಂದು ಬೆರಗಾಗಿ, ಚಿಕ್ಕಂದಿನಲ್ಲಿ ಕಂಡ ತಾಯಿಯ ಅಡುಗೆಮನೆಯ ಬಿಳಿಗೆ ಹೋಗುತ್ತಾರೆ. ಪೊರೆ ಅವರಿಗೆ ಒಂದು ಬಗೆಯ ಮರೆವು. ಕಣ್ಣು ಕಳೆದುಕೊಂಡದ್ದು ನೋಟವನ್ನಲ್ಲ, ಮೊದಲ ಸಲ ನೋಡಿದ ನೆನಪನ್ನು ಎಂಬುದು ಅವರ ವಾದದ ತಿರುಳು. ಇದನ್ನು ನಾನು ಅನುಭವದಿಂದ ಒಪ್ಪುತ್ತೇನೆ. ಆಪರೇಷನ್ ಆದ ಮೂರನೆಯ ದಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಪಂಚೆಯನ್ನು ಎಡಗಣ್ಣಿನಲ್ಲಿ ನೋಡಿದೆ. ಅದರ ಬಿಳಿಗೆ ನೀಲಿಯ ಸೆರಗು ಇತ್ತು. ಗದಗಿನ ನಮ್ಮ ಮನೆಯಲ್ಲಿ ಅವ್ವ ಬಕೆಟ್ಟಿಗೆ ನೀಲಿ ಹನಿಸಿ ಅಂಗಿ ಅದ್ದುತ್ತಿದ್ದಳು. ಆ ಬಿಳಿ ಅದು. ಬಲಗಣ್ಣಿನಲ್ಲಿ ಅದೇ ಪಂಚೆ ಹಾಲಿನ ಕೆನೆಯ ಬಣ್ಣ. ನಲವತ್ತು ದಾಟಿದ ಮಸೂರ ಪ್ರತಿ ವರ್ಷ ಒಂದಿಷ್ಟು ಹಳದಿಯಾಗುತ್ತದೆ, ಪಕ್ಕದಲ್ಲಿ ಹೋಲಿಸಲು ಹೊಸದೊಂದು ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ.

ಅಲ್ಲಿಯವರೆಗೆ ಬರ್ಜರ್ ಮತ್ತು ನಾನು ಒಟ್ಟಿಗೇ ನಡೆದೆವು. ಆಮೇಲೆ ದಾರಿ ಬೇರೆಯಾಯಿತು.

ಸುಮಾರು ಒಂದು ವಾರಕ್ಕೆ ಗಮನಕ್ಕೆ ಬಂತು: ಎಡಗಣ್ಣಿನ ಕಿವಿಯ ಕಡೆಯ ಅಂಚಿನಲ್ಲಿ ಬಿದಿಗೆ ಚಂದ್ರನಂಥ ಒಂದು ನೆರಳು. ಯಾರೋ ಪಕ್ಕದಲ್ಲಿ ನಿಂತಂತೆ. ದಿನಕ್ಕೆ ಹತ್ತು ಸಲ ತಿರುಗಿ ನೋಡುತ್ತಿದ್ದೆ. ರಾತ್ರಿ ಎಕ್ಸ್‌ಪ್ರೆಸ್ ವೇಯಲ್ಲಿ ಎದುರು ಬರುವ ಲಾರಿಗಳ ದೀಪಕ್ಕೆ ಮುಳ್ಳು ಮೂಡುತ್ತಿತ್ತು. ಇಟ್ಟ ಮಸೂರ ದೂರಕ್ಕೆ ಹೊಂದಿಸಿದ್ದು, ಹತ್ತಿರದ್ದಕ್ಕೆ ಅದು ಬಗ್ಗುವುದಿಲ್ಲ. ಹಾಗಾಗಿ ಮೊಬೈಲಿಗೊಂದು, ಮಾನಿಟರಿಗೊಂದು ಕನ್ನಡಕ. ತಪಾಸಣೆಗೆ ಹೋದೆ. ಗೋಡೆಯ ಮೇಲಿನ ಕಪ್ಪಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ‘ಸಿಕ್ಸ್ ಬೈ ಸಿಕ್ಸ್, ಪರ್ಫೆಕ್ಟ್’ ಎಂದರು. ನೆರಳಿನ ಮಾತು ತೆಗೆದೆ. ‘ಅದು ಕೆಲವರಿಗೆ ಇರುತ್ತೆ, ಮೆದುಳು ಒಗ್ಗಿಕೊಳ್ಳುತ್ತೆ’ ಎಂದರು. ಅವರು ಹೇಳಿದ್ದು ನಿಜವೇ. ಆದರೆ ಅದನ್ನು ಮೊದಲೇ ಹೇಳಬಹುದಿತ್ತು. ನಮ್ಮ ಕಸುಬಿನಲ್ಲಿ ಇದಕ್ಕೊಂದು ಪರಿಸ್ಥಿತಿ ಇದೆ: ಎಲ್ಲ ಟೆಸ್ಟ್ ಕೇಸುಗಳೂ ಪಾಸ್, ಬಳಕೆದಾರನ ದೂರು ಮಾತ್ರ ಓಪನ್. ಬಿಳಿ ಹಲಗೆಯ ಮೇಲಿನ ಕಪ್ಪಕ್ಷರದ ಪರೀಕ್ಷೆ ಅಕ್ಷರವನ್ನು ಅಳೆಯುತ್ತದೆ. ಮುಸ್ಸಂಜೆಯಲ್ಲಿ ಬೂದು ಮೆಟ್ಟಿಲಿನ ಬೂದು ಅಂಚು ಕಂಡಿತೇ, ದೀಪ ಕುಕ್ಕಿತೇ ಎನ್ನುವುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಎಂಟು ತಿಂಗಳಿಗೆ ಮತ್ತೆ ಮಂಜು. ಪೊರೆ ತೆಗೆಯುವಾಗ ಮಸೂರದ ಒಳತಿರುಳನ್ನಷ್ಟೇ ತೆಗೆದು, ಅದರ ತೆಳುಚೀಲವನ್ನು ಉಳಿಸಿಕೊಂಡು ಅದರಲ್ಲಿ ಕೃತಕ ಮಸೂರ ಕೂರಿಸುತ್ತಾರೆ. ಉಳಿದುಹೋದ ಜೀವಕೋಶಗಳು ಕೆಲವರಲ್ಲಿ ಚೀಲದ ಹಿಂಗೋಡೆಯ ಮೇಲೆ ಹಬ್ಬಿ ಅದನ್ನೂ ಮಂಕು ಮಾಡುತ್ತವೆ. ಯಾಗ್ ಲೇಸರ್‌ನಿಂದ ನಡುವೆ ಒಂದು ಕಿಂಡಿ ಕೊರೆದರೆ ಮುಗಿಯಿತು, ಕೆಲವೇ ನಿಮಿಷದ ಕೆಲಸ. ಕೊರೆದರು. ಮಂಜು ಹೋಯಿತು, ಅದರ ಬದಲು ನೊಣದಂಥ ಕಪ್ಪು ಚುಕ್ಕೆಗಳು ತೇಲತೊಡಗಿದವು. ಪ್ರಾಜೆಕ್ಟ್ ಪ್ಲಾನಿನ ಬಿಳಿ ಹಾಳೆಯ ಮೇಲೆ ಅವು ಓಡಾಡುವುದನ್ನು ನೋಡುತ್ತ ಕೂತಿದ್ದೇನೆ. ಇದು ಅಪಾಯದ್ದಲ್ಲ, ಆದರೆ ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅದೇ ಹೊತ್ತಿಗೆ ಓಡಿಬರಬೇಕು, ಅಕ್ಷಿಪಟಲ ಕಳಚುವ ಸೂಚನೆಯಿರಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಪರ್ಸಿನಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಬರ್ಜರ್ ಪುಸ್ತಕವನ್ನು ಎರಡನೇ ಸಲ ತೆರೆದೆ. ನನ್ನ ಎಂಟು ತಿಂಗಳು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವರಿಗೆ ಅಂಥದ್ದು ಆಗಿರಲಿಕ್ಕಿಲ್ಲ, ಆಗದ್ದನ್ನು ಬರೆ ಎನ್ನುವುದು ನ್ಯಾಯವೂ ಅಲ್ಲ. ನನ್ನ ತಕರಾರು ಬೇರೆ. ಪುಸ್ತಕದ ರಚನೆಯೇ ಅಂಥದ್ದಕ್ಕೆ ಜಾಗ ಕೊಡುವುದಿಲ್ಲ. ಒಂದು ಪುಟಕ್ಕೆ ನಾಲ್ಕಾರು ಸಾಲು, ಸುತ್ತ ಧಾರಾಳ ಬಿಳಿ, ಎದುರಿಗೆ ಚಿತ್ರ. ಪ್ರತಿ ಟಿಪ್ಪಣಿಯೂ ಒಂದು ಕಾಣ್ಕೆ. ಕಿರಿಕಿರಿ ಈ ಅಚ್ಚಿನಲ್ಲಿ ಹಿಡಿಸುವುದಿಲ್ಲ, ಏಕೆಂದರೆ ಕಿರಿಕಿರಿಗೆ ಗಳಿಗೆ ಎಂಬುದಿಲ್ಲ. ಅದು ದಿನವಿಡೀ ಇರುವಂಥದ್ದು. ಬರ್ಜರ್ ಇಡೀ ಬದುಕು ಹೇಳಿಕೊಟ್ಟದ್ದು ನೋಡುವುದಕ್ಕೆ ಒಂದು ಚರಿತ್ರೆ ಇದೆ, ಒಂದು ಬೆಲೆ ಇದೆ, ಯಾರು ನೋಡುತ್ತಾರೆ ಎಲ್ಲಿ ನಿಂತು ನೋಡುತ್ತಾರೆ ಎನ್ನುವುದು ಮುಖ್ಯ ಎಂದು. ತನ್ನದೇ ಕಣ್ಣಿನ ವಿಷಯ ಬಂದಾಗ ಮಾತ್ರ ಕಣ್ಣು ಎಂಬುದು ಕೊಳೆ ತೊಳೆದರೆ ಮೊದಲಿನಂತಾಗುವ ಕಿಟಕಿಯಾಗಿಬಿಟ್ಟಿತು.

ಪದದ ವಿಷಯದಲ್ಲೂ ಹೀಗೇ. ಬರ್ಜರ್ ಗ್ರೀಕ್ ಮೂಲ ಹಿಡಿದು ಜಲಪಾತ, ಕೋಟೆಬಾಗಿಲಿಗೆ ಇಳಿಬಿಡುವ ಕಬ್ಬಿಣದ ಜಾಲರಿ ಎಂಬ ಅರ್ಥಗಳನ್ನು ತೆಗೆಯುತ್ತಾರೆ. ಮೇಲಿನಿಂದ ಬಿದ್ದದ್ದು, ಹೊರಗಿನಿಂದ ಬಂದ ತಡೆ. ಎತ್ತಿದರೆ ದಾರಿ ತೆರವು. ನಮ್ಮ ಮಾತುಗಳು ಹಾಗಿಲ್ಲ. ಇಲ್ಲಿಯ ಮರಾಠಿ ನರ್ಸ್ ‘ಮೋತಿಬಿಂದು’ ಎನ್ನುತ್ತಿದ್ದಳು, ಕಣ್ಣಲ್ಲೊಂದು ಮುತ್ತು ಕೂತ ಹಾಗೆ. ಚೆನ್ನೈನಲ್ಲಿರುವ ನಮ್ಮವರು ‘ಕಣ್‌ಪುರೈ’ ಕೇಳಿರುತ್ತಾರೆ, ಅದು ನಮ್ಮ ಪೊರೆಯ ಒಡಹುಟ್ಟು. ಕನ್ನಡದ ‘ಪೊರೆ’ ಎಂದರೆ ಪದರ, ಹಾವು ಬಿಡುವ ಚರ್ಮ. ಕ್ರಿಯಾಪದವಾದರೆ ಅದೇ ‘ಪೊರೆ’ ಸಲಹು, ಕಾಪಾಡು ಎಂದಾಗುತ್ತದೆ. ಪೊರೆಯೋ ದೇವಾ ಎಂದು ಬೇಡುತ್ತೇವೆ. ಎರಡೂ ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ, ಭಾಷಾಶಾಸ್ತ್ರ ನನ್ನ ವಿಷಯವಲ್ಲ. ಆದರೆ ಕಿವಿಗೆ ಬೀಳುವುದು ಒಂದೇ ಪದ. ಪೊರೆ ಹೊರಗಿನಿಂದ ಬಿದ್ದದ್ದಲ್ಲ, ಒಳಗಿದ್ದ ಮಸೂರವೇ ಮಾಗಿ ಮಂಕಾದದ್ದು. ತೆಗೆದದ್ದು ಪರದೆಯನ್ನಲ್ಲ, ಹುಟ್ಟಿನಿಂದ ಜೊತೆಗಿದ್ದ ಒಂದು ಅಂಗವನ್ನು. ಆ ಅರ್ಥದಲ್ಲಿ ಕನ್ನಡ ಪದ ವೈದ್ಯಕೀಯವಾಗಿಯೂ ಹೆಚ್ಚು ಸರಿ.

ಇಲ್ಲಿ ಕ್ಲೋದ್ ಮೊನೆಯ ಹತ್ತಿರ ಹೋಗಬೇಕು. ಮೊನೆ ತೀರಿಕೊಂಡದ್ದು 1926ರ ಡಿಸೆಂಬರ್ 5ರಂದು, ಬರ್ಜರ್ ಹುಟ್ಟಿದ್ದು ಅದೇ ವರ್ಷ ನವೆಂಬರ್ 5ರಂದು. ಇಬ್ಬರೂ ಒಂದು ತಿಂಗಳು ಒಂದೇ ಬೆಳಕಿನಲ್ಲಿ ಇದ್ದರು. ಬರ್ಜರ್ ಮೊನೆಯ ಕಣ್ಣುಗಳ ಮೇಲೆ ಹಿಂದೆ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಹಾಗಿದ್ದೂ ಪೊರೆಯ ಬಗ್ಗೆ ನನಗೆ ಬೇಕಾದದ್ದು ಸಿಕ್ಕಿದ್ದು ಮೊನೆಯಲ್ಲಿ, ಅವನ ಚಿತ್ರಗಳಲ್ಲಿ ಸ್ವಲ್ಪ, ಅವನ ಬೈಗುಳಗಳಲ್ಲಿ ಬಹಳ.

ಮೊನೆಯ ಎರಡೂ ಕಣ್ಣಿಗೆ ಪೊರೆ ಇದೆ ಎಂದು 1912ರಲ್ಲಿ ಗೊತ್ತಾಯಿತು. ಹತ್ತು ವರ್ಷ ಮುಂದೂಡಿದ. ಬಣ್ಣದ ಟ್ಯೂಬಿನ ಮೇಲಿನ ಹೆಸರು ನಂಬಿ, ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು ಬರೆದ. ಕೊನೆಗೆ ಗೆಳೆಯ, ಮಾಜಿ ಪ್ರಧಾನಿ ಕ್ಲೆಮಾನ್ಸೋ ಹಟ ಹಿಡಿದ. ಅವನೂ ಓದಿದ್ದು ವೈದ್ಯವೇ. 1923ರ ಜನವರಿಯಲ್ಲಿ ಡಾಕ್ಟರ್ ಶಾರ್ಲ್ ಕುತೆಲಾ ಬಲಗಣ್ಣಿಗೆ ಎರಡು ಹಂತದಲ್ಲಿ ಶಸ್ತ್ರಕ್ರಿಯೆ ಮಾಡಿದರು. ಆಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲ್ಲಾಡದೆ ಮಲಗಬೇಕಿತ್ತು. ಎಂಬತ್ತೆರಡರ ಮುದುಕ ಪಟ್ಟಿ ಕೀಳಲು ಹೋದ, ಎಲ್ಲರಿಗೂ ರೇಗಿದ. ಆರು ತಿಂಗಳಲ್ಲಿ ಉಳಿದ ಚೀಲ ಮಂಕಾಯಿತು, ನನ್ನದಾದಂತೆಯೇ. ಆಗ ಲೇಸರ್ ಎಲ್ಲಿಯದು? ಜುಲೈಯಲ್ಲಿ ಮತ್ತೆ ಚಾಕು. ಆ ಬೇಸಿಗೆಯಲ್ಲಿ ಡಾಕ್ಟರಿಗೆ ಬರೆದ ಪತ್ರಗಳಲ್ಲಿ ಈ ಆಪರೇಷನ್ನಿಗೆ ಒಪ್ಪಿದ್ದಕ್ಕೇ ಪಶ್ಚಾತ್ತಾಪವಿದೆ. ಎಲ್ಲ ಹಳದಿ ಎಂದ, ಆಮೇಲೆ ಎಲ್ಲ ನೀಲಿ ಎಂದ, ಕನ್ನಡಕ ಬದಲಿಸಿದ, ಬಣ್ಣದ ಗಾಜು ಹಾಕಿಸಿಕೊಂಡ. 1925ರ ಹೊತ್ತಿಗೆ ಸರಿಯಾದದ್ದು ಸಿಕ್ಕ ಮೇಲಷ್ಟೇ ಸಮಾಧಾನ. ಎಡಗಣ್ಣನ್ನು ಮುಟ್ಟಲು ಕೊನೆಗೂ ಬಿಡಲಿಲ್ಲ.

ಈ ಪತ್ರಗಳನ್ನು ಕಲಾಚರಿತ್ರೆಕಾರರು ಸಾಮಾನ್ಯವಾಗಿ ಸಿಡುಕ ಮುದುಕನ ಗೊಣಗಾಟ ಎಂದು ನಗುತ್ತ ದಾಟುತ್ತಾರೆ. ನನಗೆ ಅವು ಸಾಹಿತ್ಯವಾಗಿ ಕಾಣುತ್ತವೆ, ಏಕೆಂದರೆ ಪಟ್ಟಿ ಬಿಚ್ಚಿದ ಮೇಲಿನ ದಿನಗಳಿಗೆ ಅವು ಭಾಷೆ ಹುಡುಕುತ್ತಿವೆ. ಮೊನೆ ನಿಜಕ್ಕೂ ಏನು ಅನುಭವಿಸುತ್ತಿದ್ದ ಎಂದು ನನಗೆ ಗೊತ್ತು, ಏಕೆಂದರೆ ಅದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ.

ಎಂಬತ್ತರ ದಶಕದಲ್ಲಿ ನಮ್ಮಜ್ಜಿಗೆ ಒಂದು ಶಿಬಿರದಲ್ಲಿ ಪೊರೆ ತೆಗೆದರು. ನಮ್ಮ ಕಡೆ ಕಣ್ಣಿನ ಶಿಬಿರ ಎಂದರೆ ಡಾ. ಎಂ. ಸಿ. ಮೋದಿಯವರ ಹೆಸರು, ಊರೂರು ತಿರುಗಿ ಲೆಕ್ಕವಿಲ್ಲದಷ್ಟು ಬಡವರಿಗೆ ಬೆಳಕು ಕೊಟ್ಟವರು, ‘ಕಣ್ಣು ಕೊಟ್ಟ ಅಣ್ಣ’ ಎನ್ನುತ್ತಿದ್ದರು. ಅಜ್ಜಿಯದು ಬೇರೆ ಶಿಬಿರ. ಲಂಡನ್ನಿನಲ್ಲಿ ಹ್ಯಾರಲ್ಡ್ ರಿಡ್ಲೆ ಮೊದಲ ಕೃತಕ ಮಸೂರ ಇಟ್ಟದ್ದು 1949ರಲ್ಲಿ. ಯುದ್ಧವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಕಂಡು ಹೊಳೆದ ಉಪಾಯ ಅದು. ಅದು ನಮ್ಮೂರಿನ ಶಿಬಿರಕ್ಕೆ ಇನ್ನೂ ತಲುಪಿರಲಿಲ್ಲ. ಮಸೂರ ತೆಗೆದು ಹಾಗೇ ಬಿಟ್ಟು, ಸೋಡಾ ಬಾಟಲಿ ತಳದಂಥ ಕನ್ನಡಕ ಕೊಡುತ್ತಿದ್ದರು. ಮೊನೆಗೂ ಅದೇ. ಆ ಗಾಜು ಎಲ್ಲವನ್ನೂ ಕಾಲುಭಾಗಕ್ಕೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ, ನೇರ ಗೆರೆಯನ್ನು ಬಗ್ಗಿಸುತ್ತದೆ, ಅಂಚಿನಲ್ಲೊಂದು ಕುರುಡು ಉಂಗುರ ಬಿಡುತ್ತದೆ. ಒಂದು ಕಣ್ಣಿಗೆ ಮಾತ್ರ ಆಗಿದ್ದರೆ ಎರಡು ಕಣ್ಣಿನ ಎರಡು ಅಳತೆ ಒಂದಕ್ಕೊಂದು ಕೂಡುವುದೇ ಇಲ್ಲ. ಅಜ್ಜಿ ತಂಬಿಗೆಗೆ ಕೈ ಚಾಚಿದರೆ ಕೈ ಗೇಣು ಹಿಂದೆಯೇ ನಿಲ್ಲುತ್ತಿತ್ತು. ‘ಬಾಗಲಾ ಯಾಕ ಡೊಂಕ ಕಾಣತೈತೋ ತಮ್ಮಾ’ ಎಂದು ಚೌಕಟ್ಟು ಸವರುತ್ತಿದ್ದಳು. ಪಕ್ಕದಿಂದ ಬಂದವರು ಒಮ್ಮೆಲೇ ನೆಗೆದಂತೆ ಕಾಣುತ್ತಿದ್ದರಂತೆ, ಬೆಚ್ಚಿ ಬೀಳುತ್ತಿದ್ದಳು. ನಾವು ಮೊಮ್ಮಕ್ಕಳು ಬೇಕೆಂದೇ ಪಕ್ಕದಿಂದ ಬಂದು ನಗುತ್ತಿದ್ದೆವು. ಒಮ್ಮೆ ಅವಳು ಕನ್ನಡಕ ತೆಗೆದಿಟ್ಟು, ‘ಕಣ್ಣ ಬಂದಾವ, ಆದ್ರ ನನ್ನವ್ ಅಲ್ಲ’ ಅಂದಳು. ಮನೆಯವರು ಇದನ್ನು ಮುದುಕಿಯ ತಮಾಷೆ ಎಂದುಕೊಂಡರು. ಆ ನೆರಳು ನನ್ನ ಕಿವಿಯ ಪಕ್ಕ ಬಂದು ನಿಲ್ಲುವವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ.

ಇನ್ನು ಚಿತ್ರಗಳು. 1918ರಿಂದ 1924ರ ನಡುವೆ ಬರೆದ ಜಪಾನಿ ಸೇತುವೆಯ ಚಿತ್ರಗಳಲ್ಲಿ ಕೆಂಪು, ಕಂದು, ಕಿತ್ತಳೆ ಒಂದರ ಮೇಲೊಂದು ಬಿದ್ದು, ಸೇತುವೆಯನ್ನು ಹುಡುಕಬೇಕಾಗುತ್ತದೆ. 1899ರಲ್ಲಿ ಅದೇ ಸೇತುವೆಯನ್ನು ತಂಪು ಹಸಿರು ನೀಲಿಯಲ್ಲಿ ಬರೆದಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ಪೊರೆ’ ಎನ್ನುವುದು ಈಗ ರೂಢಿ. ಸ್ಟ್ಯಾನ್‌ಫರ್ಡಿನ ನೇತ್ರತಜ್ಞ ಮೈಕೆಲ್ ಮಾರ್ಮರ್ 2006ರಲ್ಲಿ ಕಂಪ್ಯೂಟರಿನಲ್ಲಿ ಕೊಳದ ಚಿತ್ರಕ್ಕೆ ಪೊರೆಯ ಫಿಲ್ಟರ್ ಹಾಕಿ ಮೊನೆಗೆ ಹೇಗೆ ಕಂಡಿರಬಹುದು ಎಂದು ತೋರಿಸಿದರು. ಉಪಯುಕ್ತ ಕೆಲಸ. ಆದರೆ ಇದನ್ನೇ ಹಿಡಿದು ‘ಮೊನೆ ಕಂಡದ್ದನ್ನೇ ಬರೆದ’ ಎಂದು ಮುಗಿಸುವವರನ್ನು ಒಂದು ಪ್ರಶ್ನೆ ಕೇಳಬೇಕು. ಹಳದಿ ಗಾಜಿನ ಹಿಂದಿರುವವನು ಕೊಳವನ್ನೂ ಅದರ ಮೂಲಕ ನೋಡುತ್ತಾನೆ, ಕ್ಯಾನ್ವಾಸನ್ನೂ ಅದರ ಮೂಲಕವೇ ನೋಡುತ್ತಾನೆ. ಇನ್‌ಪುಟ್‌ಗೂ ಔಟ್‌ಪುಟ್‌ಗೂ ಒಂದೇ ಫಿಲ್ಟರ್ ಇದ್ದರೆ ಅದು ಎರಡೂ ಕಡೆ ಹೊಡೆದುಹೋಗಬೇಕು, ಚಿತ್ರ ಹಳದಿಯಾಗಬೇಕಿಲ್ಲ. ಎಲ್ ಗ್ರೆಕೋ ಉದ್ದುದ್ದ ಮನುಷ್ಯರನ್ನು ಬರೆದದ್ದು ಅವನ ಕಣ್ಣಿನ ದೋಷದಿಂದ ಎಂಬ ವಾದವನ್ನು ತಳ್ಳಿಹಾಕಿದ್ದೂ ಇದೇ ತರ್ಕದಿಂದ. ಪೊರೆ ಮಾಡುವುದು ಬಣ್ಣ ಹಚ್ಚುವುದಕ್ಕಿಂತ ಹೆಚ್ಚಾಗಿ ಬಣ್ಣ ಕಳೆಯುವುದು. ನೀಲಿ ನೇರಳೆಗಳ ನಡುವಿನ ಭೇದ ಅಳಿದುಹೋಗುತ್ತದೆ. ಅಳಿದುಹೋದಲ್ಲಿ ಯಾವುದನ್ನು ಹಚ್ಚುವುದು ಎನ್ನುವುದನ್ನು ಕಣ್ಣು ಹೇಳುವುದಿಲ್ಲ. ನೆನಪು ಹೇಳುತ್ತದೆ, ಟ್ಯೂಬಿನ ಮೇಲಿನ ಹೆಸರು ಹೇಳುತ್ತದೆ, ಅರವತ್ತು ವರ್ಷದ ಕೈ ಹೇಳುತ್ತದೆ, ಸಿಟ್ಟೂ ಹೇಳುತ್ತದೆ. ಆ ಸೇತುವೆಗಳಲ್ಲಿ ನಾನು ಕಾಣುವುದು ಪೊರೆಯ ಫೋಟೋವನ್ನಲ್ಲ, ಪೊರೆಯ ಜೊತೆ ಒಬ್ಬ ಕೆಲಸಗಾರನ ಜಗಳವನ್ನು.

ಮಸೂರ ಹೋದ ಕಣ್ಣಿಗೆ ಅತಿನೇರಳೆ ಕಿರಣವೂ ಸ್ವಲ್ಪ ಕಾಣುತ್ತದೆ, ಆದ್ದರಿಂದ ಮೊನೆ ಕೊನೆಗೆ ಜೇನುನೊಣದಂತೆ ನೋಡಿ ನೈದಿಲೆ ಬರೆದ ಎಂಬ ವಾಟ್ಸಾಪ್ ಕಥೆ ನಿಮಗೂ ಬಂದಿರಬಹುದು. ಮೊದಲರ್ಧ ಸರಿ. ಎರಡನೆಯದು ಮತ್ತೆ ಪಟ್ಟಿ ಬಿಚ್ಚುವ ದೃಶ್ಯ, ಈ ಸಲ ಸೂಪರ್ ಹೀರೋಗೆ.

ಪ್ಯಾರಿಸ್ಸಿನ ಮಾರ್ಮೊತಾನ್ ಸಂಗ್ರಹಾಲಯದಲ್ಲಿ ಗುಲಾಬಿ ತೋಟದಿಂದ ಕಂಡ ಮನೆಯ ಚಿತ್ರಗಳಿವೆ, 1922ರಿಂದ 24ರವು. ಕೆಲವು ಕೆಂಪಿಗೆ ವಾಲಿವೆ, ಕೆಲವು ನೀಲಿಗೆ. ಒಂದು ಬಗೆ ಪೊರೆಯ ಕಣ್ಣಿನದು, ಇನ್ನೊಂದು ಆಪರೇಷನ್ ಆದ ಕಣ್ಣಿನದು ಎಂದು ಕೆಲವು ನೇತ್ರತಜ್ಞರು ಓದುತ್ತಾರೆ. ಇದನ್ನು ಪರೀಕ್ಷಿಸಲು ನನ್ನಷ್ಟು ಅನುಕೂಲವಿರುವ ವಿಮರ್ಶಕ ಕನ್ನಡದಲ್ಲಿ ಸದ್ಯಕ್ಕೆ ಇನ್ನೊಬ್ಬನಿಲ್ಲ ಎಂಬ ಹಮ್ಮಿನಲ್ಲಿ ಒಂದು ರಾತ್ರಿ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ತೆರೆದು, ಕಣ್ಣು ಬದಲಿಸುತ್ತ ಒಂದು ಗಂಟೆ ಟಿಪ್ಪಣಿ ಮಾಡಿದೆ. ಮಲಗುವ ಮುಂಚೆ ನೋಡಿದರೆ ಸ್ಕ್ರೀನಿನಲ್ಲಿ ನೈಟ್ ಮೋಡ್ ಆನ್ ಇತ್ತು. ಇಡೀ ಸ್ಕ್ರೀನಿಗೇ ಪೊರೆ. ಟಿಪ್ಪಣಿ ಹರಿದುಹಾಕಿದೆ.

ಇಷ್ಟು ಬೈದ ಮೇಲೆ ಬರ್ಜರ್‌ಗೆ ಸಲ್ಲಬೇಕಾದದ್ದನ್ನೂ ಕೊಡಬೇಕು. ಮೊನೆಯ ಆ ಬೇಸಿಗೆಯ ಪತ್ರಗಳಲ್ಲಿ ಸಂತೋಷವೇ ಇಲ್ಲ. ಹಾಳಾದ ಬಣ್ಣದ ಲೆಕ್ಕ ಇದೆ, ಮರಳಿದ ಬಣ್ಣಕ್ಕೆ ಕೃತಜ್ಞತೆ ಇಲ್ಲ. ಅವನನ್ನೇ ಓದಿಕೊಂಡಿದ್ದರೆ ನಾನು ಆ ಪಂಚೆಯ ಬಿಳಿಯನ್ನು ಗಮನಿಸುತ್ತಿರಲಿಲ್ಲ, ನೆರಳನ್ನಷ್ಟೇ ಎಣಿಸುತ್ತ ಕೂರುತ್ತಿದ್ದೆ. ಒಂದೊಂದೇ ಕಣ್ಣು ಮುಚ್ಚಿ ನೋಡುವ ಚಟ ಹತ್ತಿಸಿದ್ದು ಬರ್ಜರ್. ಆ ಶಿಸ್ತು ಅವರದು, ಅದರಿಂದ ನನಗೆ ಕಂಡದ್ದು ಅವರಿಗೆ ಬೇಡವಾದದ್ದು. ಅಜ್ಜಿಯ ಆ ಒಂದು ಮಾತು ಪುಸ್ತಕದ ಯಾವ ಟಿಪ್ಪಣಿಗೂ ಕಡಿಮೆಯದಲ್ಲ, ಅದಕ್ಕೆ ಎದುರಿನ ಪುಟದಲ್ಲಿ ಚಿತ್ರ ಬರೆಯುವವರು ಸಿಗಲಿಲ್ಲ ಅಷ್ಟೇ.

ಬಲಗಣ್ಣಿಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ. ಭಯವಿದೆ, ಆದರೆ ಮೊನೆಯಂತೆ ಬೇಡ ಎನ್ನುವ ಹಟ ಇಲ್ಲ. ಎಡಗಣ್ಣಿನ ನೆರಳೂ ಈಗ ಮೊದಲಿನಷ್ಟು ಕಾಡುವುದಿಲ್ಲ, ಡಾಕ್ಟರು ಹೇಳಿದಂತೆ. ಈ ಸಲ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೇನೆ, ಹದಿನಾಲ್ಕಾಗಿವೆ. ಆಪರೇಷನ್ನಿಗೆ ಮುಂಚೆ ಇನ್ನೊಂದು ಕೆಲಸ ಉಳಿದಿದೆ. ಸೇತುವೆಯ ಎರಡೂ ಚಿತ್ರಗಳನ್ನು, 1899ರದ್ದು ಮತ್ತು ಕೊನೆಯದು, ಲಕ್ಷ್ಮೀ ರಸ್ತೆಯ ಒಂದು ಅಂಗಡಿಯಲ್ಲಿ ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಹಾಕಲು ಕೊಟ್ಟಿದ್ದೇನೆ. ಭಾನುವಾರ ಬೆಳಗಿನ ಬಿಸಿಲಿನಲ್ಲಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಮಾತ್ರ ನೋಡಿ ಬರೆದಿಡಬೇಕು. ಆ ಹಳದಿ ಇನ್ನು ನಾಲ್ಕು ವಾರ ಮಾತ್ರ ನನ್ನ ಹತ್ತಿರ ಇರುತ್ತದೆ.